ಬಿಸಿಲಿಗೆ ಬಂದವರು

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆ ದಂಡೆಗೆ, ಕರಿಗುಡ್ಡ ಎಂಬ ಊರು. ಆ ಊರಿನ ಕುರುಬರ ಬೀರಣ್ಣನ ಹೆಂಡತಿ ರೇಣಮ್ಮ ಅವತ್ತು ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಪಕ್ಕದ ಸಾಲಿನಲ್ಲಿ ಮಗಳು ಲಾಲಮ್ಮ, ಅದರಾಚೆ ಕೂಲಿಗೆ ಬಂದಿದ್ದ ಸೂಗಪ್ಪನ ಮಗಳು ಭೀಮಬಾಯಿ. ಹುಡುಗಿಯರಿಬ್ಬರೂ ಒಂದೇ ವಾರಿಗೆಯವರು. ಘಾಟಿಗೆ ಸೀನುವುದು, ಸೀನಿದ್ದಕ್ಕೆ ನಗುವುದು, ಇದೇ ನಡೆದಿತ್ತು. ಬೀರಣ್ಣ ಬದುವಿನ ಮೇಲೆ ದಡಬಡ ಬಂದ.

"ಅಕ್ಕನ ಫೋನ್ ಬಂದಿತ್ತು. ಬರಾಕತ್ತಾಳ. ಮಾವನೂ ಬರಾಕತ್ತಾನ."

"ಬರ್ಲಿ ತಗೋರಿ. ಎಷ್ಟು ದಿನ ಇರ್ತಾರಂತ?"

"ಇನ್ನ ಇಲ್ಲೇ ಇರ್ತಾರಂತ."

ರೇಣಮ್ಮ ಉಡಿಯಲ್ಲಿದ್ದ ಕಾಯಿಯನ್ನು ಪುಟ್ಟಿಗೆ ಸುರಿದು ಗಂಡನ ಮುಖ ನೋಡಿದಳು. "ಇಲ್ಲೇ ಅಂದ್ರ?"

"ಅಲ್ಲಿ ಥಂಡಿ ಭಾಳಂತ. ಮಾವಗ ದಮ್ಮು. ಬೆಚ್ಚನ ಸೀಮಿಗೆ ಹೋಗ್ರಿ ಅಂತ ಡಾಕ್ಟರ್ ಹೇಳ್ಯಾನಂತ. ಮತ್ತ ಅಲ್ಲಿ ಎಲ್ಲಾ ತುಟ್ಟಿ, ಇಲ್ಲಿ ಸೋವಿ. ಮಕ್ಕಳಿಲ್ಲ ಮರಿಯಿಲ್ಲ, ಇಬ್ಬರೇ ಅಲ್ಲಿ ಏನ್ ಮಾಡ್ತಾರ?"

ಬೀರಣ್ಣನ ಅಕ್ಕ ಮಲಕಮ್ಮ ಹರಿಯಾಣಕ್ಕೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಆಗಿನ್ನೂ ಊರಿನ ಕಾಲುವೆಗೆ ನೀರು ಬಿಟ್ಟಿರಲಿಲ್ಲ. ಗುರುಮಠಕಲ್ ಕಡೆಯ ಒಬ್ಬ ಮಧ್ಯಸ್ಥ ಬಂದು, ವರದಕ್ಷಿಣೆ ಬೇಡ, ಮದುವೆ ಖರ್ಚೂ ಅವರದೇ ಎಂದು ಹೇಳಿ ಸುತ್ತಿನ ಊರುಗಳ ಕೆಲವು ಹುಡುಗಿಯರನ್ನು ಆ ಕಡೆ ಮದುವೆ ಮಾಡಿಸಿದ್ದ. ಮಲಕಮ್ಮ ಅವರಲ್ಲೊಬ್ಬಳು. ರೇಣಮ್ಮ ಆ ಮನೆಗೆ ಸೊಸೆಯಾಗಿ ಬಂದದ್ದು ಮರುವರ್ಷ. ನಾದಿನಿಯನ್ನು ಅವಳು ನೋಡಿದ್ದು ಒಂದೇ ಸಲ, ಬೀರಣ್ಣನ ಅಪ್ಪ ತೀರಿಹೋದಾಗ. ಆಗ ಮಲಕಮ್ಮ ಮುಖದ ತುಂಬ ಸೆರಗು ಹೊದ್ದು ಮೂರು ದಿನ ಮೂಲೆಯಲ್ಲಿ ಕೂತು ಹೋಗಿದ್ದಳು. ಅತ್ತೆ ಬಸ್ಸಮ್ಮ ಮಾತ್ರ ಯಾರು ಕೇಳಿದರೂ ಎದೆಯುಬ್ಬಿಸಿ ಹೇಳುತ್ತಿದ್ದಳು: "ನನ್ನ ಮಗಳನ್ನ ಗೋದಿ ಬೆಳೆಯೋ ನಾಡಿಗೆ ಕೊಟ್ಟೀನಿ. ಗಂಡನ ಮನ್ಯಾಗ ಆಕಿ ಮ್ಯಾಲೆ ಭಾಳ ಪ್ರೀತಿ. ಮೋಲ್ಕಿ, ಮೋಲ್ಕಿ ಅಂತ ಕರೀತಾರ ಆಕಿನ್ನ." ಫೋನಿನಲ್ಲಿ ಹಿಂದುಗಡೆ ಯಾರೋ ಹಾಗೆ ಕೂಗುವುದು ಮುದುಕಿಗೆ ಎರಡು ಮೂರು ಸಲ ಕೇಳಿತ್ತು. ಮಲಕಮ್ಮ ಎಂಬ ಹೆಸರನ್ನು ಆ ನಾಲಿಗೆಗಳು ಪ್ರೀತಿಯಿಂದ ಸಣ್ಣದು ಮಾಡಿವೆ ಎಂದು ಅವಳ ತಿಳಿವಳಿಕೆ.

ಯಾದಗಿರಿ ಸ್ಟೇಷನ್ನಿಗೆ ಬೀರಣ್ಣನೇ ಹೋಗಿ ಕರೆತಂದ. ಗಾಡಿಯಿಂದ ಒಂದು ಕಬ್ಬಿಣದ ಟ್ರಂಕು, ಹಗ್ಗ ಬಿಗಿದ ರಜಾಯಿ, ಎರಡು ಚೀಲ ಇಳಿದವು. ಕೊನೆಗೆ ಇಳಿದ ಧರಂಪಾಲ ಎತ್ತರದ ಆಳು, ಆದರೆ ನಡು ಬಾಗಿತ್ತು. ಆ ಬಿಸಿಲಿನಲ್ಲೂ ಕಿವಿ ಮುಚ್ಚುವ ಉಣ್ಣೆಯ ಟೋಪಿ. ಉಸಿರೆಳೆದಾಗಲೆಲ್ಲ ಎದೆಯೊಳಗಿಂದ ಸಿಳ್ಳು ಬರುತ್ತಿತ್ತು. ಅವನು ನೆಟ್ಟಗೆ ಮನೆ ಮುಂದಿನ ಕಟ್ಟೆಯ ಮೇಲೆ ಬಿಸಿಲು ಬಿದ್ದ ಕಡೆ ಹೋಗಿ ಕೂತ. ಕೂತು ಕಣ್ಣು ಮುಚ್ಚಿ, "ಅಚ್ಛಾ ಹೈ," ಎಂದ.

ಮಲಕಮ್ಮನ ಕನ್ನಡ ಹದಿನೆಂಟರ ಹುಡುಗಿಯದಾಗಿಯೇ ಉಳಿದಿತ್ತು. ತಡೆದು ತಡೆದು ಮಾತಾಡುತ್ತಿದ್ದಳು. ಸತ್ತುಹೋದವರ ಹೆಸರು ಹಿಡಿದು ಅವರೆಲ್ಲಿ, ಇವರೆಲ್ಲಿ ಎಂದು ಕೇಳಿದಳು. ಸಂಜೆ ಲಾಲಮ್ಮನ ಕೂಡ ಕಾಲುವೆ ನೋಡಲು ಹೋದವಳು ಬಹಳ ಹೊತ್ತು ನಿಂತೇ ಇದ್ದಳಂತೆ. "ನಾವು ಇದರೊಳಗ ಇಳಿದು ಆಡ್ತಿದ್ವಿ, ಒಣಾ ತೆಗ್ಗು," ಅಂದಳಂತೆ. "ಇಷ್ಟು ನೀರು ಬಂದೈತಿ ಅಂತ ಯಾರೂ ಹೇಳಲೇ ಇಲ್ಲ ನನಗ."

ಮೊದಲ ವಾರ ಮನೆಯಲ್ಲಿ ಹಬ್ಬದ ಸಡಗರವಿತ್ತು. ಎರಡನೆಯ ವಾರಕ್ಕೆ ಅದು ಒಲೆಯ ಮುಂದೆ ಕರಗಿತು. ಧರಂಪಾಲನಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪುಂಡಿಪಲ್ಯದ ಹುಳಿಗೆ, ಶೇಂಗಾ ಚಟ್ನಿಯ ಖಾರಕ್ಕೆ ಕೆಮ್ಮು ಹತ್ತುತ್ತಿತ್ತು. ಅವನಿಗೆ ಬೇರೆ ಗೋದಿಹಿಟ್ಟು ನಾದಬೇಕು. ಎರಡು ಹೊತ್ತೂ ದೊಡ್ಡ ಲೋಟದ ತುಂಬ ಹಾಲು ಬೇಕು. ಇದ್ದದ್ದು ಒಂದು ಎಮ್ಮೆ.

"ಹಾಲೆಲ್ಲಾ ಆತನೇ ಕುಡದ್ರ ನಮಗ ಚಾಕ್ಕ ಏನು, ನೀರಾ?" ಎಂದು ಬಸ್ಸಮ್ಮ ಒಂದು ಬೆಳಿಗ್ಗೆ ಗೊಣಗಿದಳು.

"ಅಳಿಯಗ ಹಾಲು ಹಾಕಾಕ ಕೈ ಬರಂಗಿಲ್ಲೇನು ನಿನಗ?" ಮಲಕಮ್ಮ ತಿರುಗಿಬಿದ್ದಳು. "ಅಲ್ಲಿ ಮೂರು ಎಮ್ಮಿ ಹಿಂಡತಿದ್ದೆ ನಾ. ಲೆಕ್ಕ ಇಟ್ಟು ಹಾಕಿಲ್ಲ ಯಾರಿಗೂ."

"ಹಂಗಿದ್ರ ಅಲ್ಲೇ ಇರಬೇಕಿತ್ತಲ್ಲ."

ಮುದುಕಿ ಹಾಗನ್ನಬಾರದಿತ್ತು. ಮಲಕಮ್ಮ ತಟ್ಟೆಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಎದ್ದುಹೋದಳು. ಅವತ್ತು ಮಧ್ಯಾಹ್ನ ಧರಂಪಾಲನಿಗೆ ರೇಣಮ್ಮನೇ ಚಪಾತಿ ಮಾಡಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡು ತಲೆ ಬಾಗಿಸಿದ. ಕೆಟ್ಟ ಮನುಷ್ಯ ಅಲ್ಲ ಇವನು ಎಂದು ರೇಣಮ್ಮನಿಗೆ ಅನಿಸಿತು. ಇಲ್ಲಿಗೆ ಬಂದ ಮೇಲೆ ಅವನ ಎದೆಯ ಸಿಳ್ಳು ತುಸು ಕಡಿಮೆಯಾಗಿತ್ತು.

ಲಾಲಮ್ಮ ಶಹಾಪುರದ ಕಾಲೇಜಿನಲ್ಲಿ ಪಿಯುಸಿಗೆ ಹೋಗಿ, ಇಂಗ್ಲಿಷಿನಲ್ಲಿ ಫೇಲಾಗಿ, ಮನೆಯಲ್ಲಿದ್ದಳು. ಹದಿನೆಂಟು ತುಂಬಿತ್ತು. ಮಲಕಮ್ಮನಿಗೆ ತಮ್ಮನ ಮಗಳೆಂದರೆ ಜೀವ. ಎಣ್ಣೆ ಹಚ್ಚುವಳು, ಹೆರಳು ಹಾಕುವಳು. ರೋಟಿ ಹೇಗೆ ಉಬ್ಬಿಸಬೇಕು, ಮಜ್ಜಿಗೆಯ ಕಢಿ ಹೇಗೆ ಮಾಡಬೇಕು, ಎಲ್ಲ ಕಲಿಸಿದಳು. ಆಮೇಲೆ ಮಾತು ಶುರುವಾಯಿತು. ನೀರಿಗೆ ಪಾನೀ, ಮೇವಿಗೆ ಚಾರಾ, ಹಿರಿಯರು ಕರೆದರೆ ತಲೆಯ ಮೇಲೆ ಓಢಣಿ ಎಳೆದುಕೊಂಡು 'ಜೀ' ಅನ್ನಬೇಕು. ಲಾಲಮ್ಮ ಓಢಣಿ ಹೊದ್ದು 'ಜೀ, ಜೀ' ಎಂದು ಮನೆ ತುಂಬ ಓಡಾಡಿ ಎಲ್ಲರನ್ನೂ ನಗಿಸಿದಳು. ರೇಣಮ್ಮನೂ ನಕ್ಕಳು.

ಆದರೆ ಒಂದು ದಿನ ನೀರು ತುಂಬಿಕೊಂಡು ಒಳಗೆ ಬಂದಾಗ ಮಲಕಮ್ಮ ಹುಡುಗಿಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸಿದ್ದಳು. ಮೊಬೈಲು ಎತ್ತಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದಳು.

"ಯಾಕಬೇ ಅಕ್ಕಾ, ಪಕ್ಕದಿಂದ್ಯಾಕ?"

"ಹಂಗ ಸುಮ್ನ. ನೆಪ್ಪಿಗೆ ಇರ್ಲಿ ಅಂತ." ಮಲಕಮ್ಮ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿನ್ನ ಮಗಳ ಕೈ ಗಟ್ಟಿ ಅದಾವ, ರೇಣಿ. ಚಲೋ ಆತು."

ಸಂತೆಯಲ್ಲಿ ಗಂಡ ಟಗರಿನ ಬೆನ್ನು ಅಮುಕಿ ನೋಡಿ ಹೀಗೇ ಅನ್ನುವುದನ್ನು ರೇಣಮ್ಮ ಎಷ್ಟೋ ಸಲ ಕೇಳಿದ್ದಳು.

ಬಳೆಗಾರ್ತಿ ಚಮನಬೀ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಅವಳ ದಖನಿ ಮಾತು ಧರಂಪಾಲನಿಗೆ ತಿಳಿಯುತ್ತಿತ್ತು, ಅವನದು ಅವಳಿಗೆ ಅರ್ಧಮರ್ಧ. ಮಾತಿಗೆ ಹಸಿದಿದ್ದ ಮನುಷ್ಯ ಚಮನಬೀ ಬಂದಳೆಂದರೆ ಕಟ್ಟೆಯ ಮೇಲೆ ಸರಿದು ಜಾಗ ಮಾಡುತ್ತಿದ್ದ. ಅವತ್ತು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಆಮೇಲೆ ಚಮನಬೀ ಬಳೆಯ ಮಲಾರ ಹೊತ್ತು ಹಿತ್ತಲಿಗೆ ಬಂದು, ಪಾತ್ರೆ ತಿಕ್ಕುತ್ತಿದ್ದ ರೇಣಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ರೇಣಮ್ಮಾ, ನಿಮ್ಮತ್ತಿ ಮೋಲ್ಕಿ ಮೋಲ್ಕಿ ಅಂತಾಳಲ್ಲ, ಅದು ಹೆಸರಲ್ಲವಾ. ನಮ್ಮ ಮಾತಿನ್ಯಾಗ ಮೋಲ್ ಅಂದ್ರ ಕಿಮ್ಮತ್ತು. ನಾ ಸೀದಾ ಕೇಳೇ ಬಿಟ್ಟೆ ಆತನ್ನ. ಹೊರಗಿಂದ ರೊಕ್ಕ ಕೊಟ್ಟು ತಂದ ಹೆಣಮಕ್ಕಳಿಗೆ ಅಲ್ಲಿ ಎಲ್ಲಾರೂ ಹಂಗೇ ಕರೀತಾರಂತ."

ರೇಣಮ್ಮ ಬೂದಿಗೈ ಕೊಡವಿ ಅವಳ ಕಡೆ ತಿರುಗಿದಳು.

"ಇನ್ನೊಂದು ಕೇಳು. ಆತನ ತಮ್ಮನ ಮಗ ಒಬ್ಬ ಅದಾನಂತ, ವಯಸ್ಸು ಮೀರಿ ಹೋಗೈತಿ, ಅಲ್ಲಿ ಹೆಣ್ಣು ಸಿಗವಲ್ವು. ಇಲ್ಲಿಂದ ಒಂದು ಹುಡುಗಿ ಕಳಿಸಿದ್ರ ತಮ್ಮ ಈತನ ಹೊಲದ ಪಾಲು ಬಿಟ್ಟು ಕೊಡ್ತಾನಂತ. ಇಲ್ಲಂದ್ರ ಮಕ್ಕಳಿಲ್ಲದಾವರಿಗೆ ಪಾಲ್ಯಾಕ ಅಂತಾನಂತ. ಹವಾ ಹೆಂಗೈತಿ ಅಂತ ಮಾತಾಡ್ದಂಗ ಹೇಳ್ದ ನೋಡವಾ, ಮನಸ್ಸಿನ್ಯಾಗ ಕಪಟ ಇಲ್ಲ."

ಆ ದಿನ ಗಂಡ ಕುರಿ ಹೊಡೆದುಕೊಂಡು ಬರುವ ತನಕ ರೇಣಮ್ಮ ತಡೆದುಕೊಂಡಳು. ಹಟ್ಟಿಯ ಬಾಗಿಲಲ್ಲೇ ಎಲ್ಲ ಹೇಳಿದಳು. ಬೀರಣ್ಣ ಒಂದೊಂದೇ ಕುರಿಯನ್ನು ಒಳಗೆ ಬಿಡುತ್ತಾ ಕೇಳಿದ. ಮುಖ ಎತ್ತಲಿಲ್ಲ.

"ಅಕ್ಕ ನನ್ನ ಕೂಡಾನೂ ಮಾತಾಡ್ಯಾಳ," ಎಂದ ಕೊನೆಗೆ.

"ಏನಂತ?"

"ಹುಡುಗ ಕುಡಿಯಂಗಿಲ್ಲಂತ. ಇಲ್ಲಿ ಹುಡುಗನ್ನ ನೋಡಿದ್ರ ಬಂಗಾರ ಕೇಳ್ತಾರ, ಗಾಡಿ ಕೇಳ್ತಾರ. ಕಾಲುವಿ ಕೆಳಗಿನ ಎಕರೆ ಮಾರಬೇಕಾಗ್ತೈತಿ. ಅವರು ಏನೂ ಕೇಳಂಗಿಲ್ಲ."

"ನಿಮ್ಮಕ್ಕನ್ನ ಕೊಡುವಾಗೂ ಏನೂ ಕೇಳಿರಲಿಲ್ಲ."

ಬೀರಣ್ಣ ಹಟ್ಟಿಯ ಬೇಲಿ ಎಳೆದು ಮುಚ್ಚಿದ. "ಬರಾಕತ್ತಾರ ಅವರು. ನೋಡಿ ಹೋಗ್ಲಿ. ನೋಡಿದ್ರ ಏನ್ ಹೋಗ್ತೈತಿ?"

ಅವರು ಬಂದರು. ಸತಬೀರ ಎಂಬ ಮೂವತ್ತೈದು ದಾಟಿದ ಮನುಷ್ಯ, ಅವನ ಕೂಡ ಬಿಳಿ ಮೀಸೆಯ ಇನ್ನೊಬ್ಬ. ಸ್ವೀಟಿನ ಡಬ್ಬಿ, ಒಂದು ಜೊತೆ ಕೆಂಪು ಸಲ್ವಾರು ತಂದಿದ್ದರು. ದೊಡ್ಡಪ್ಪನ ಹೊಸ ಊರು ನೋಡಲು ಬಂದವರಂತೆ ಕಾಲುವೆ ನೋಡಿದರು, ಗದ್ದೆ ನೋಡಿದರು, ಎಕರೆಗೆ ಏನು ಬೆಲೆ ಎಂದು ಕೇಳಿದರು. ಊಟಕ್ಕೆ ಕೂತಾಗ ಬಡಿಸಲು ಲಾಲಮ್ಮನೇ ಬರಲಿ ಎಂದು ಮಲಕಮ್ಮ ಹಟ ಹಿಡಿದಳು. ಸತಬೀರ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಉಣ್ಣತೊಡಗಿದ. ಬಿಳಿ ಮೀಸೆಯವನು ಮಾತ್ರ ಹುಡುಗಿ ಅಡುಗೆಮನೆಗೆ ಹೋಗಿ ಮರೆಯಾಗುವ ತನಕ ನೋಡಿದ.

ಕೈ ತೊಳೆದ ಮೇಲೆ ಅವರಿಬ್ಬರೂ ಧರಂಪಾಲನ ಕೂಡ ಹೊರಗೆ ಕೂತರು. ಒಳಗೆ ಪಡಸಾಲೆಯಲ್ಲಿ ಮನೆಯವರು.

"ಹೂಂ ಅಂದ್ರ ಇದೇ ಗುರುವಾರ ಗುಡಿಯಾಗ ತಾಳಿ ಕಟ್ಟಿ ಕರಕೊಂಡು ಹೋಗ್ತಾರ," ಎಂದಳು ಮಲಕಮ್ಮ.

"ಇಲ್ಲ," ಎಂದಳು ರೇಣಮ್ಮ.

"ನಾ ನನ್ನ ತಮ್ಮನ್ನ ಕೇಳಾಕತ್ತೇನಿ."

"ಹಡದಾಕಿ ನಾ. ನಾ ಹೇಳಾಕತ್ತೇನಿ. ಇಲ್ಲ."

ಬಸ್ಸಮ್ಮ ನಡುವೆ ಬಾಯಿ ಹಾಕಿದಳು. "ಯಾಕವಾ ರೇಣಿ, ನನ್ನ ಮಗಳು ಅಲ್ಲಿ ಬಾಳ್ವೆ ಮಾಡಿಲ್ಲೇನು? ಎಷ್ಟು ಪ್ರೀತಿಲಿಂದ ಕರೀತಿದ್ರು ಆಕಿನ್ನ..."

"ಯವ್ವಾ, ಅದು ಪ್ರೀತಿ ಅಲ್ಲ! ರೊಕ್ಕ ಕೊಟ್ಟು ತಂದಾಕಿ ಅಂತ ಕರೀತಿದ್ರು ನಿನ್ನ ಮಗಳನ್ನ. ಅದರ ಅರ್ಥ ಅದು. ಕೇಳು ಬೇಕಾದ್ರ, ಇಲ್ಲೇ ಕುಂತಾಳ!"

ಮುದುಕಿ ಮಗಳ ಕಡೆ ತಿರುಗಿದಳು. ಮಲಕಮ್ಮ ಗೋಡೆ ನೋಡುತ್ತಿದ್ದಳು. ಹೊರಗೆ ಧರಂಪಾಲ ಕೆಮ್ಮಿದ್ದು ಕೇಳಿತು.

"ಹೌದು," ಎಂದಳು ಮಲಕಮ್ಮ. "ನಿಮಗ ಗೊತ್ತಿರಲಿಲ್ಲೇನು? ಅಪ್ಪ ರೊಕ್ಕ ಎಣಿಸಿಕೊಂಡಾಗ ನೀ ಬಾಜೂಕೇ ಇದ್ದೆಲ್ಲಬೇ. ರೈಲಿನ್ಯಾಗ ಎರಡು ದಿನ ಕುಂತೆ. ಸಂಡಾಸ ಎಲ್ಲೈತಿ ಅಂತ ಕೇಳಾಕ ನನಗ ಮಾತು ಬರ್ತಿರಲಿಲ್ಲ. ಆಗ ಯಾರ್ ಬಂದ್ರಿ ನನ್ನ ಹಿಂದ? ಆ ರೊಕ್ಕದಾಗ ಕುರಿ ತಂದ್ರಿ. ಹಿಂಡು ಬೆಳಸಿದ್ರಿ. ಹೊಲ ಹಿಡದ್ರಿ. ರೇಣಿ, ನಿನ್ನ ಕೊಳ್ಳಾಗಿನ ತಾಳಿ ಅದರ ಮ್ಯಾಲೇ ಬಂದದ್ದು. ಇವತ್ತ ಒಂದು ಲೋಟ ಹಾಲು ಹೆಚ್ಚು ಕೇಳಿದ್ರ ಈ ಮನ್ಯಾಗ ಮಾತು ಬರ್ತಾವ!"

ಬೀರಣ್ಣ ನೆಲ ಕೆರೆಯುತ್ತಿದ್ದ.

"ಅಷ್ಟು ಗೊತ್ತಿದ್ದು ನನ್ನ ಮಗಳನ್ನ ಕೇಳಾಕ ಹೆಂಗ ಬಾಯಿ ಬಂತು ನಿನಗ?" ಎಂದಳು ರೇಣಮ್ಮ.

"ಆ ಪಾಲು ಸಿಗದಿದ್ರ ನಾವು ಉಣ್ಣೂದೇನು? ನಿನ್ನ ಮನಿ ಕಟ್ಟಿಮ್ಯಾಲೆ ಕುಂತು ಸಾಯೋ ತನಕ ಚಪಾತಿ ಕೇಳೂದೇನು? ನಾ ಹೋಗಿಲ್ಲೇನು? ಸತ್ತೇನೇನು?"

"ಊರಾಗ ನನ್ನ ಮಗಳೊಬ್ಬಾಕೇ ಏನು ಹುಡುಗಿ? ಬ್ಯಾರೆ ಮನಿ ನೋಡಿಕೋ ಹೋಗು! ನನ್ನ ಹೊಸ್ತಿಲ ತುಳಿಬ್ಯಾಡ!"

ಸಿಟ್ಟಿನಲ್ಲಿ ಬಂದ ಮಾತು. ಆದರೆ ಮಲಕಮ್ಮ ಅದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಳು. ರೇಣಮ್ಮನನ್ನೊಮ್ಮೆ ನೋಡಿ, ಎದ್ದು, ಟ್ರಂಕಿಗೆ ಬಟ್ಟೆ ತುಂಬತೊಡಗಿದಳು.

ಗಂಡಹೆಂಡಿರು ಕಾಲುವೆ ಕೆಲಸದವರಿಗೆಂದು ಕಟ್ಟಿದ್ದ ಹಳೇ ಕ್ಯಾಂಪಿನ ಕಡೆ ಒಂದು ತಗಡಿನ ಮನೆ ಬಾಡಿಗೆಗೆ ಹಿಡಿದರು. ಬಂದ ಇಬ್ಬರೂ ಅಲ್ಲೇ ಉಳಿದರು. ಮನೆ ಹಗುರಾಯಿತು, ಹಾಲು ಮಿಕ್ಕತೊಡಗಿತು. ಬಸ್ಸಮ್ಮ ಮಾತು ಬಿಟ್ಟಳು. ಇಟ್ಟದ್ದನ್ನು ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಬೀರಣ್ಣ ಹೆಂಡತಿಯ ಕೂಡ ಕುರಿ, ಹೊಲ, ನೀರಿನ ಪಾಳಿ ಇಷ್ಟರ ಮಾತು ಮಾತ್ರ ಆಡುತ್ತಿದ್ದ. ಬಂದವರು ಇನ್ನೂ ಯಾಕೆ ತಿರುಗಿ ಹೋಗಿಲ್ಲ ಎಂದು ರೇಣಮ್ಮ ದಿನಾ ಯೋಚಿಸುವಳು, ಯಾರನ್ನೂ ಕೇಳಳು.

ಒಂದು ಬೆಳಿಗ್ಗೆ ಸೂಗಪ್ಪ ಬಂದ. ಕೂಲಿಯಾಳು; ಹೆಂಡತಿ ಸತ್ತ ಮೇಲೆ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ತಲೆಯ ಟವೆಲು ತೆಗೆದು ಅಂಗಳದಲ್ಲೇ ನಿಂತ.

"ಒಂದು ಮಾತು ಕೇಳಾಕ ಬಂದೆನ್ರೆವ್ವಾ. ನಿಮ್ಮ ನಾದಿನಿ ಅಲ್ಲಿ ಸುಖವಾಗಿದ್ರೇನ್ರಿ? ನೀವು ಮನಿ ಮಂದಿ, ನಿಮಗ ಗೊತ್ತಿರ್ತೈತಿ."

ರೇಣಮ್ಮನಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಬಾಯಿ ತೆರೆದಳು. ಆಗ ಒಳಗೆ ಲಾಲಮ್ಮ ಕಸ ಗುಡಿಸುತ್ತಿದ್ದಳು. ಕಸಬರಿಗೆಯ ಸಪ್ಪಳ ಕೇಳುತ್ತಿತ್ತು. ಅವರಿಗೆ ಸೂಗಪ್ಪನ ಮನೆಯಲ್ಲಿ ಹುಡುಗಿ ಸಿಕ್ಕರೆ ಇತ್ತ ತಿರುಗಿ ನೋಡುವುದಿಲ್ಲ ಎಂಬ ಯೋಚನೆ ಬಂತು, ನಾಚಿಕೆಗಿಂತ ಮೊದಲು ಬಂತು.

"ನೋಡೀಯಲ್ಲ ಸೂಗಪ್ಪಾ, ಮೈಕೈ ತುಂಬಿಕೊಂಡು ಬಂದಾಳ," ಎಂದಳು. "ಇನ್ನೇನು ಹೇಳಲಿ?"

"ಅಷ್ಟ ಸಾಕ್ರೆವ್ವಾ," ಎಂದು ಸೂಗಪ್ಪ ಟವೆಲು ಸುತ್ತಿಕೊಂಡು ಹೋದ.

ಮೂರು ದಿನ ರೇಣಮ್ಮ ಸೂಗಪ್ಪನ ಓಣಿಯ ಕಡೆ ಕಾಲಿಡಲಿಲ್ಲ; ನೀರಿಗೂ ಸುತ್ತುದಾರಿ ಹಿಡಿದಳು. ಗುರುವಾರ ಗುಡಿಯಲ್ಲಿ ಭೀಮಬಾಯಿಯ ಮೇಲೆ ಅಕ್ಷತೆ ಬಿತ್ತು. ಶುಕ್ರವಾರ ಬೆಳಿಗ್ಗೆ ಲಾಲಮ್ಮ ಹೊರಗಿನಿಂದ ಬಂದು, ಕೊಡ ನೆಲಕ್ಕೆ ಕುಕ್ಕಿದಳು.

"ಭೀಮಿನ್ನ ಕರಕೊಂಡು ಹೋದ್ರು. ಮೊದಲನೇ ಬಸ್ಸಿಗೆ. ನಮ್ಮ ಮಲಕಮ್ಮತ್ತೀನೂ ಹೋಗ್ಯಾಳ, ಯಾದಗಿರಿ ತನಕ."

ರೇಣಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು.

"ನಿನಗ ಗೊತ್ತಿತ್ತಲ್ಲಬೇ?" ಲಾಲಮ್ಮ ಒಲೆಯ ಮುಂದೆ ಬಂದು ನಿಂತಳು. "ಅಜ್ಜಿ ಮುಂದ ನೀ ಕೂಗಿದ್ದು ನಾ ಒಳಗ ಕೇಳೀನಿ. ನನಗ ಬ್ಯಾಡಾದದ್ದು ಆಕಿಗೆ ಹೆಂಗ ಚಲೋ ಆತು?"

ತವೆಯ ಮೇಲಿನ ರೊಟ್ಟಿ ಹೊಗೆಯಾಡಿತು. ರೇಣಮ್ಮ ಅದನ್ನು ಹಾಗೇ ಬಿಟ್ಟು, ಉರಿಗೆ ನೀರು ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡಳು. "ನಡಿ," ಎಂದಳು.

ಬಸ್ಸು ಶಹಾಪುರದಲ್ಲಿ ನಿಂತು, ಭೀಮಾ ದಾಟಿ, ಯಾದಗಿರಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ತಾಯಿಮಗಳು ಸ್ಟೇಷನ್ನಿಗೆ ಓಡಿದರು. ಪ್ಲಾಟ್‌ಫಾರಂನ ತುದಿಯಲ್ಲಿ, ಕಲ್ಲು ಬೆಂಚಿನ ಮೇಲೆ, ಆ ಕೆಂಪು ಸಲ್ವಾರಿನಲ್ಲಿ ಭೀಮಬಾಯಿ ಕೂತಿದ್ದಳು. ತೊಡೆಯ ಮೇಲೆ ಒಂದು ಕೈಚೀಲ. ಪಕ್ಕದಲ್ಲಿ ಮಲಕಮ್ಮ. ಗಂಡಸರಿಬ್ಬರೂ ತುಸು ದೂರದಲ್ಲಿ ಚಹಾ ಕುಡಿಯುತ್ತಿದ್ದರು.

ಅಲ್ಲೇ ಇದ್ದ ಒಬ್ಬ ಪೊಲೀಸಿನವನನ್ನು ರೇಣಮ್ಮ ಕೈ ಮುಗಿದು ಕರೆತಂದಳು. ಅವನು ಹುಡುಗಿಯ ವಯಸ್ಸು ಕೇಳಿದ. ಹತ್ತೊಂಬತ್ತು ಎಂದಳು. ಮದುವೆಯಾಗಿದೆಯಾ? ಆಗಿದೆ. ತಂದೆಗೆ ಗೊತ್ತಾ? ಗೊತ್ತು, ಅವನೇ ಧಾರೆ ಎರೆದಿದ್ದಾನೆ. ನಿನ್ನ ಮನಸ್ಸಿನಿಂದ ಹೊರಟಿದ್ದೀಯಾ?

"ಹೌದ್ರಿ, ನನ್ನ ಮನಸ್ಸಿಂದ."

ಪೊಲೀಸಿನವನು ರೇಣಮ್ಮನ ಕಡೆ ನೋಡಿದ. "ಮತ್ತೇನಮ್ಮ?" ಎಂದು ಕೇಳಿ ಹೊರಟುಹೋದ.

ರೇಣಮ್ಮ ಹುಡುಗಿಯ ಮುಂದೆ ನೆಲದ ಮೇಲೆ ಕೂತಳು. ಗೊತ್ತಿದ್ದದ್ದನ್ನೆಲ್ಲ ಹೇಳಿದಳು. ಮೋಲ್ಕಿ ಅಂದರೇನು, ಹೊಲದ ಪಾಲು ಯಾಕೆ, ಈ ಸಲ್ವಾರು ಯಾರಿಗೆಂದು ಬಂದಿತ್ತು, ಯಾವುದನ್ನೂ ಬಿಡಲಿಲ್ಲ. ಭೀಮಬಾಯಿ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು.

"ಮೊನ್ನೆ ನಮ್ಮಪ್ಪ ನಿಮ್ಮ ಅಂಗಳಕ್ಕ ಬಂದು ಕೇಳಿದಾಗ ಇದನ್ನ ಯಾಕ ಹೇಳಲಿಲ್ಲ ಚಿಗವ್ವಾ?"

ರೇಣಮ್ಮ ಚೀಲ ಇಸಿದುಕೊಳ್ಳಲು ಕೈ ಚಾಚಿದಳು, ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಳು.

"ಈಗ ನಾ ತಿರುಗಿ ಹೋದ್ರ ನಮ್ಮ ಸಣ್ಣವ್ವ ಬಾಗಿಲಾ ತಗೀತಾಳೇನು? ಅಪ್ಪ ರೊಕ್ಕ ಇಸಗೊಂಡಾನ. ತಗಡು ತರಸ್ಯಾನ ಮನಿಗೆ."

"ನಮ್ಮ ಮನಿಗೆ ಬಾ. ಲಾಲಿ ಕೂಡ ಇರು."

"ಎಷ್ಟು ದಿನ?"

ಹೌದು, ಎಷ್ಟು ದಿನ? ಹಾಲಿನ ಲೆಕ್ಕ ಇಡುವ ಮನೆ ಅದು. ರೇಣಮ್ಮ ತಡವರಿಸಿದಳು, ಆ ತಡವರಿಕೆಯನ್ನು ಹುಡುಗಿ ನೋಡಿಬಿಟ್ಟಳು. ಲಾಲಮ್ಮ ಗೆಳತಿಯ ತೋಳು ಹಿಡಿದು ಎಳೆದಳು. "ಏಳಬೇ ಭೀಮಿ, ಹೋಗೂನು." ಭೀಮಬಾಯಿ ತೋಳು ಬಿಡಿಸಿಕೊಂಡು ಮಲಕಮ್ಮನ ಕಡೆ ತಿರುಗಿದಳು.

"ನೀವೇ ಹೇಳ್ರಿ. ನೀವು ಇದ್ದು ಬಂದಾವ್ರು. ಹೆಂಗೈತಿ ಅಲ್ಲಿ?"

ಮಲಕಮ್ಮನ ತುಟಿ ಅಲುಗಿತು. ದೂರದಲ್ಲಿ ರೈಲು ಕೂಗಿತು. ಸತಬೀರ ಚಹಾದ ಕಪ್ಪು ಬಿಸಾಡಿ ಇತ್ತ ಬರತೊಡಗಿದ.

"ಸಬ್ ಠೀಕ್ ಹೈ," ಎಂದಳು ಮಲಕಮ್ಮ, ಹಳಿಯ ಕಡೆ ನೋಡುತ್ತಾ. "ಸಬ್ ಠೀಕ್ ಹೈ, ಬೇಟೀ."

ಭೀಮಬಾಯಿಗೆ ಆ ಮಾತು ತಿಳಿಯಿತೋ ಇಲ್ಲವೋ. ತಲೆಯ ಮೇಲೆ ಓಢಣಿ ಎಳೆದುಕೊಂಡು ಎದ್ದಳು. ರೈಲು ನಿಂತದ್ದು ಸ್ವಲ್ಪವೇ ಹೊತ್ತು. ಜನರಲ್ ಬೋಗಿಯ ಬಾಗಿಲಲ್ಲಿ ನೂಕುನುಗ್ಗಲು. ಬಿಳಿ ಮೀಸೆಯವನು ಹುಡುಗಿಯ ಬೆನ್ನಿಗೆ ಕೈಹಚ್ಚಿ ಒಳಗೆ ತಳ್ಳಿದ. ಕೆಂಪು ಓಢಣಿ ಮಂದಿಯ ನಡುವೆ ಒಂದು ಸಲ ಕಂಡಿತು. ಲಾಲಮ್ಮ ಬೋಗಿಯ ಪಕ್ಕದಲ್ಲಿ ಓಡುತ್ತಾ ಹೆಸರು ಹಿಡಿದು ಕೂಗಿದಳು. ಯಾವ ಕಿಟಕಿಯಿಂದಲೂ ಯಾರೂ ಬಗ್ಗಿ ನೋಡಲಿಲ್ಲ.

ತಿರುಗಿ ಬರಲು ಮೂವರಿಗೂ ಒಂದೇ ಬಸ್ಸು. ತಾಯಿಮಗಳು ಒಂದು ಸೀಟಿನಲ್ಲಿ, ಮಲಕಮ್ಮ ಅದರ ಹಿಂದಿನದರಲ್ಲಿ. ಕಂಡಕ್ಟರನ ಹತ್ತಿರ ರೇಣಮ್ಮ ಕರಿಗುಡ್ಡಕ್ಕೇ ಟಿಕೀಟು ತೆಗೆಸಿದಳು. ಶಹಾಪುರ ದಾಟಿ ಬಸ್ಸು ಕಾಲುವೆಯ ಪಕ್ಕಕ್ಕೆ ಬಂತು. ಕಾಲುವೆ ದಂಡೆ ಮುಟ್ಟಿ ಸಪ್ಪಳವಿಲ್ಲದೆ ಹರಿಯುತ್ತಿತ್ತು.

"ರೇಣಿ," ಎಂದಳು ಮಲಕಮ್ಮ ಹಿಂದಿನಿಂದ. "ಒಂದು ಹೇಳ್ತೇನಿ, ಸಿಟ್ಟಾಗಬ್ಯಾಡ. ಸತಬೀರಗ ತಮ್ಮ ಅದಾನ, ಆತಗೂ ಅಲ್ಲಿ ಹೆಣ್ಣು ಸಿಕ್ಕಿಲ್ಲ. ಮಳಿಗಾಲ ಮುಗದ ಮ್ಯಾಲೆ ಬರ್ತಾನ. ಸತಬೀರನಂಗಲ್ಲ ಆತ, ಸಣ್ಣ ವಯಸ್ಸು, ಸಾಲಿ ಓದ್ಯಾನ. ಲಾಲಿನ್ನ ಕೊಡಾಕ ಬೀರಣ್ಣ ಆಗಲಿ ಅಂದಾನ."

ರೇಣಮ್ಮ ತಿರುಗಿ ನೋಡಿದಳು. "ಯಾವಾಗ ಅಂದ್ರು?"

"ನಿನ್ನೆ. ಗುಡಿಯಾಗ. ಮೊದಲು ನಿನಗ ಹೇಳಬ್ಯಾಡ ಅಂದ."

ಗಂಡ ನಿನ್ನೆ ಕುರಿ ಮೇಯಿಸಲು ಹೋಗಿದ್ದೆನೆಂದು ಹೇಳಿದ್ದ. ಸಂಜೆ ಬಂದು, ಕೈಕಾಲು ತೊಳೆದು, ಎದುರಿಗೆ ಕೂತು ಉಂಡಿದ್ದ. ಇನ್ನೊಂದು ರೊಟ್ಟಿ ಹಾಕು ಎಂದು ಕೇಳಿದ್ದ.

ಊರ ಮುಂದಿನ ಬೇವಿನ ಮರದ ಹತ್ತಿರ ಬಸ್ಸು ನಿಂತಿತು. ಮಲಕಮ್ಮ ಇಳಿದಳು. ಇಳಿದವಳು ಕಿಟಕಿಯ ಹತ್ತಿರ ಬಂದು ಕಾದಳು. ರೇಣಮ್ಮ ಏಳಲಿಲ್ಲ. ಎದ್ದು ನಿಂತಿದ್ದ ಲಾಲಮ್ಮನ ಕೈ ಹಿಡಿದು ಕೂರಿಸಿದಳು.

"ಇಳೀರಿ, ಇಳೀರಿ, ಕರಿಗುಡ್ಡ!" ಕಂಡಕ್ಟರ್ ಕೂಗಿದ.

"ಇಲ್ರೀ ಅಣ್ಣಾ. ಸುರಪುರಕ್ಕ ಎರಡು ಕೊಡ್ರಿ."

ಸುರಪುರದಲ್ಲಿ ಅವಳ ತಮ್ಮನಿದ್ದ. ಎರಡು ಕೋಣೆಯ ಮನೆ, ಅವನಿಗೂ ಮೂರು ಮಕ್ಕಳು. ಅಲ್ಲಿಯೂ ಎಷ್ಟು ದಿನ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರೇಣಮ್ಮ ಸೆರಗಿನ ಗಂಟು ಬಿಚ್ಚಿದಳು. ಲಾಲಮ್ಮ ತಾಯಿಗೆ ಒತ್ತಿಕೊಂಡು ಕೂತಳು.

"ಎಲ್ಲಿಗೆ ಹೊಂಟೀ?" ಮಲಕಮ್ಮ ಕಿಟಕಿಯ ಸರಳು ಹಿಡಿದಳು. "ಮನ್ಯಾಗ ಒಲಿ ಹಚ್ಚಾವ್ರು ಯಾರು? ಅವ್ವಗ ಕೂಳು ಹಾಕಾವ್ರು ಯಾರು? ಬೀರಣ್ಣ ಬಂದು ಕೇಳಿದ್ರ ನಾ ಏನಂತ ಹೇಳಲಿ?"

"ನಿನಗ ಹೆಂಗ ಬೇಕೋ ಹಂಗ ಹೇಳಕ್ಕಾ."

ಬಸ್ಸು ಹೊರಟಿತು. ಮಲಕಮ್ಮ ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೆ ಬಂದಳು, ಆಮೇಲೆ ಕೈ ಬಿಟ್ಟಳು.